ಮಿಟುಕು, ಗುಟುಕು

ಜೂನ್ 8, 2025. ಭಾನುವಾರ ರಾತ್ರಿ

ಡಬ್ಬಿ ಹಾಡಿತು. ಹೊಗೆ ಬರಲಿಲ್ಲ, ಫ್ಯೂಸ್ ಹೋಗಲಿಲ್ಲ. ಮೂರು ತಿಂಗಳು ಬೆಸುಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದ ಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಸ್ಪೀಕರಿನಿಂದ ಹೊರಟಿತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಒಂದು ನಿಮಿಷ ನಿಂತು ಕೇಳಿದಳು.

"ಚೆನ್ನಾಗಿದೆ ಕಣ್ರೀ."

ಅವಳು ಆ ಕಡೆ ತಿರುಗಿದ್ದೇ ತಡ, ವೀಣೆ ಕಟ್ ಆಯಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಬಂತು.

"ತಂತಿ ಏನಾದ್ರೂ ಹರೀತಾ?" ಒಳಗಿಂದ ಪ್ರಶ್ನೆ.

ಮಲಗುವ ಮುನ್ನ ಇನ್ನೂ ಆರು ಸಲ ಹೀಗಾಯಿತು. ಉದ್ದ ನೋಟ್‌ಬುಕ್ ತೆಗೆದು ಐದು ಕಾಲಂ ಎಳೆದೆ: ದಿನ, ಹೊತ್ತು, ದೂರು, ಕಾರಣ, ಪರಿಹಾರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 31 ವರ್ಷ ಫಾಲ್ಟ್ ರಿಜಿಸ್ಟರ್ ಬರೆದ ಕೈ, ಬೇರೆ ಥರ ಬರೆಯಲು ಬರುವುದಿಲ್ಲ. ದೂರಿನ ಕೆಳಗೆ ಏಳು ಸಲ "ಕಟ್" ಎಂದು ಬರೆದೆ. ಕಾರಣದ ಕಾಲಂ ಖಾಲಿ.

ಜೂನ್ 9

ಮಗಳಿಗೆ ಡಬ್ಬಿಯ ಫೋಟೊ ಕಳಿಸಿದ್ದೆ. ಬೆಳಿಗ್ಗೆ ಫೋನು. "ಅಪ್ಪಾ, ಇಂಥದ್ದು ರೆಡಿಮೇಡ್ ಸಿಗಲ್ವಾ?" ಸಿಗುತ್ತದೆ, ನಾನು ಖರ್ಚು ಮಾಡಿದ್ದರ ಅರ್ಧಕ್ಕೆ. ಆದರೆ ಮೈಸೂರಿಗೆ ಈ ಹುಚ್ಚು ಹೊಸದಲ್ಲವಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದರು. ಅದಕ್ಕಿದ್ದ ಹೆಸರೇ ಆಕಾಶವಾಣಿ. ನನ್ನದು ಆಕಾಶಕ್ಕೆ ಏರುವ ಸಾಹಸವಲ್ಲ, ಟಿವಿ ಸ್ಟ್ಯಾಂಡಿನ ಮೂಲೆಯದು.

ಡಬ್ಬಿಯಲ್ಲಿ ಏನಿದೆ ಎಂದು ಒಮ್ಮೆ ಬರೆದಿಡುತ್ತೇನೆ, ಆಮೇಲೆ ನನಗೇ ಬೇಕಾಗುತ್ತದೆ. ಹಳೆಯ ಡಿವಿಡಿ ಪ್ಲೇಯರಿನ ಬೆನ್ನಿನಿಂದ ಒಂದು ಕೇಬಲ್ ಬರುತ್ತದೆ. ಅದರಲ್ಲಿ ಹರಿಯುವುದು ಸದ್ದಲ್ಲ, ಸೋನಿ ಮತ್ತು ಫಿಲಿಪ್ಸ್ ಸೇರಿ ಗೊತ್ತುಮಾಡಿದ ಎಸ್/ಪಿಡಿಐಎಫ್ ಕಟ್ಟಳೆಯ ಅಂಕಿಗಳು. ಮೊದಲು ಒಂದು 74 ಸರಣಿಯ ಇನ್ವರ್ಟರ್ ಐಸಿ. ಅರ್ಧ ವೋಲ್ಟಿನ ಬಡ ಸಿಗ್ನಲ್ಲನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸ. ಅದಾದ ಮೇಲೆ ಡಿಐಆರ್9001 ಎಂಬ ರಿಸೀವರ್; ಅದರ ಕಾಲುಗಳ ನಡುವಿನ ಅಂತರ 0.65 ಮಿಲಿಮೀಟರ್, ಭೂತಗನ್ನಡಿ ಹಿಡಿದು ಬೆಸೆದದ್ದು. ಆಮೇಲೆ ರೀಕ್ಲಾಕರ್ ಎಂಬ ಪುಟ್ಟ ಬೋರ್ಡು. ಕೊನೆಗೆ ಅಂಕಿಗಳನ್ನು ಮತ್ತೆ ಸದ್ದು ಮಾಡುವ ಪಿಸಿಎಂ5102ಎ. ನಾಲ್ಕು ಜನರ ಸರಪಳಿ. ಬಕೆಟ್ಟು ಕೈಯಿಂದ ಕೈಗೆ ದಾಟುವಾಗ ಯಾರೋ ನೀರು ಚೆಲ್ಲುತ್ತಿದ್ದಾರೆ.

ಜೂನ್ 11

ಫ್ರಿಜ್ಜಿನ ಮೇಲೆ ಗುಮಾನಿ. ರಾತ್ರಿ 8.12ಕ್ಕೆ ಕಂಪ್ರೆಸರ್ ಗುರ್ ಎಂದಿತು, ಅದೇ ಗಳಿಗೆಗೆ ವೀಣೆ ಕಟ್ ಆಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಫ್ರಿಜ್ಜು ಆಫ್ ಮಾಡ್ಲಾ?" ಎಂದೆ.

"ಹಾಲಿದೆ, ದೋಸೆ ಹಿಟ್ಟಿದೆ. ನಿಮ್ಮ ಡಬ್ಬಿ ಆಫ್ ಮಾಡಿ."

ಜೂನ್ 12

ಪ್ಲೇಯರಿನ ಕೇಬಲ್ ಕಿತ್ತು, ಡಬ್ಬಿಯ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದೆ. 75 ಓಮ್ ತೋರಿಸಬೇಕಿತ್ತು, 37.4 ಅಂದಿತು. ಮೀಟರಿನ ಬ್ಯಾಟರಿ ಬದಲಿಸಿದೆ. ಮತ್ತೂ 37.4.

ಬೋರ್ಡ್ ತಿರುಗಿಸಿ ನೋಡಿದಾಗ ತಿಳಿಯಿತು. ಸಾಕೆಟ್ಟಿನ ಅಡಿಯಲ್ಲಿ ಎಳ್ಳುಕಾಳಿನಷ್ಟು 75 ಓಮ್ ರೆಸಿಸ್ಟರ್ ಮೊದಲೇ ಕೂತಿತ್ತು. ಅದನ್ನು ಕಾಣದೆ ನಾನು ಇನ್ನೊಂದು ಹಾಕಿದ್ದೆ. ಎರಡು ಸಮಾನಾಂತರವಾಗಿ ಸೇರಿ ಅರ್ಧ.

ಇದು ಸಣ್ಣ ತಪ್ಪಲ್ಲ. ಕೇಬಲ್ 75 ಓಮಿನದಾದರೆ ಅದರ ಕೊನೆಯೂ 75 ಇರಬೇಕು, ಆಗ ಬಂದ ಅಲೆ ಪೂರ್ತಿ ಇಂಗುತ್ತದೆ. ಕೊನೆ 37.5 ಆದರೆ ಅಲೆಯ ಎತ್ತರದಲ್ಲಿ ಮೂರರಲ್ಲೊಂದು ಪಾಲು ತಲೆಕೆಳಗಾಗಿ ವಾಪಸ್ ಓಡುತ್ತದೆ. ಎಕ್ಸ್‌ಚೇಂಜಿನಲ್ಲಿ ನಮ್ಮ 2 ಎಂಬಿ ಲಿಂಕುಗಳ ಕೋಆಕ್ಸ್ ಕೂಡ 75 ಓಮಿನದೇ. ಕೇಬಲ್ ಟಿವಿಯವರು ಬೀದಿಯಲ್ಲಿ ಎಳೆಯುವ ಆರ್‌ಜಿ-6 ಕೂಡ ಅಷ್ಟೇ. ಅಂದರೆ ನಾನು ಈ ಸಂಖ್ಯೆಯ ಜತೆಗೇ ಸಂಸಾರ ಮಾಡಿದವನು. ಆದರೂ ಬೋರ್ಡ್ ತಿರುಗಿಸಿ ನೋಡಿರಲಿಲ್ಲ.

ಹೆಚ್ಚಿನ ರೆಸಿಸ್ಟರ್ ಕಿತ್ತೆ. ಮೀಟರ್ 74.8 ಅಂದಿತು. ಹಿಗ್ಗಿನಿಂದ ಪ್ಲೇ ಒತ್ತಿದೆ.

ಕಟ್.

ಪರಿಹಾರದ ಕಾಲಮ್ಮಿನಲ್ಲಿ ಬರೆದದ್ದು: "ತಪ್ಪು ಸರಿಯಾಯಿತು, ದೂರು ಹಾಗೇ ಇದೆ."

ಜೂನ್ 15. ಭಾನುವಾರ

ಫ್ರಿಜ್ಜಿನ ವಿಚಾರಣೆ. ಮಧ್ಯಾಹ್ನ 2ರಿಂದ 6ರವರೆಗೆ ರಿಪೀಟ್ ಒತ್ತಿ ಕೂತೆ. ಕಟ್ ಆದಾಗಲೆಲ್ಲ ಮೊಬೈಲ್ ನೋಡಿ ನಿಮಿಷ, ಸೆಕೆಂಡ್ ಬರೆದುಕೊಂಡೆ. ಫ್ರಿಜ್ಜು ಶುರುವಾದ ಹೊತ್ತು ಬರೆಯುವ ಕೆಲಸ ಹೆಂಡತಿಯದು. ಅವಳು ತರಕಾರಿ ಹೆಚ್ಚುತ್ತ ಕ್ಯಾಲೆಂಡರಿನ ಹಿಂದೆ ಬರೆದಳು.

ಸಂಜೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟೆವು. ಕಟ್ ಆದದ್ದು 39 ಸಲ. ಫ್ರಿಜ್ಜು ಶುರುವಾದದ್ದು 9 ಸಲ. ಎರಡೂ ಕೂಡಿಬಂದದ್ದು ಒಂದೇ ಒಂದು ಸಲ.

"ಪಾಪದ್ದು," ಎಂದಳು ಫ್ರಿಜ್ಜಿನ ಬಾಗಿಲು ತಟ್ಟಿ.

ಬುಧವಾರ ನಾನು ಕಣ್ಣಾರೆ ಕಂಡದ್ದು ಸುಳ್ಳೇ? ಸುಳ್ಳಲ್ಲ. ಕೂಡಿಬಂದ ಒಂದನ್ನು ನೆನಪಿಟ್ಟುಕೊಂಡೆ, ಕೂಡಿಬರದ ಎಂಟನ್ನು ಗಮನಿಸಲೇ ಇಲ್ಲ. ಪಟ್ಟಿ ಇಲ್ಲದಿದ್ದರೆ ಫ್ರಿಜ್ಜಿಗೆ ಶಿಕ್ಷೆ ಖಾಯಂ ಆಗುತ್ತಿತ್ತು.

ಜೂನ್ 17

ಮಳೆ. ಕೆಲಸವಿಲ್ಲ, ಯೋಚನೆ ಇದೆ.

ಗ್ರಾಮಫೋನ್ ತಟ್ಟೆಗೆ ಗೀರು ಬಿದ್ದರೆ ಟಿಕ್ ಟಿಕ್ ಎನ್ನುತ್ತದೆ. ಕ್ಯಾಸೆಟ್ಟಿನ ಟೇಪು ಸುಕ್ಕಾದರೆ ಹಾಡು ಮುಗ್ಗರಿಸುತ್ತದೆ. ರೇಡಿಯೊ ಟ್ಯೂನ್ ತಪ್ಪಿದರೆ ಕೊರಕೊರ. ಆ ಕಾಲದ ಒಂದೊಂದು ಕಾಯಿಲೆಗೂ ಅದರದೇ ದನಿ ಇತ್ತು, ಕೇಳಿದವನು ಕಣ್ಣುಮುಚ್ಚಿ ರೋಗದ ಹೆಸರು ಹೇಳುತ್ತಿದ್ದ. ಈ ಡಬ್ಬಿ ಹಾಗಲ್ಲ. ರಿಸೀವರಿಗೆ ಅನುಮಾನ ಬಂದರೆ ತಪ್ಪು ಅಂಕಿ ಮುಂದೆ ದಾಟಿಸುವ ಬದಲು ದೋಷದ ಕಾಲನ್ನು ಎತ್ತುತ್ತದೆ. ಆ ಕಾಲನ್ನು ಮ್ಯೂಟಿಗೆ ಕಟ್ಟಿದವನು ನಾನೇ. ಕಿವಿ ಹರಿಯುವ ಗದ್ದಲಕ್ಕಿಂತ ಸುಮ್ಮನಿರುವುದು ಮೇಲು ಎಂದು.

ಈಗ ಅದರ ಬೆಲೆ ತೆರುತ್ತಿದ್ದೇನೆ. ಸದ್ದಿಗೆ ಸಾವಿರ ಬಗೆ, ಮೌನಕ್ಕೆ ಒಂದೇ.

ಜೂನ್ 20

ಬೆಂಗಳೂರಿಗೆ ಹೋಗಿದ್ದೆ. ನೆಂಟರ ಮನೆಯ ಗೃಹಪ್ರವೇಶ ನೆಪ, ಎಸ್.ಪಿ. ರೋಡ್ ಕಾರಣ. ಗಲ್ಲಿಯ ಒಳಗಿನ ಗಲ್ಲಿಯಲ್ಲಿ, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದ ಅಂಗಡಿ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಯಜಮಾನರಿಗೆ ನನ್ನ ಇನ್ವರ್ಟರ್ ಐಸಿ ತೋರಿಸಿದೆ. ಅವರು ಬೆಳಕಿಗೆ ಹಿಡಿದು ಅಕ್ಷರ ಓದಿದರು.

"ಇದು ಎಚ್‌ಸಿ04. ನಿಮಗೆ ಬೇಕಿದ್ದು ಎಚ್‌ಸಿಯು04 ಅಲ್ವಾ ಸಾರ್?"

"ಎರಡೂ ಒಂದೇ ಅಂತ ಕೊಟ್ರು." ಕೊಟ್ಟವರು ಬೇರೆ ಅಂಗಡಿಯವರು. ಅದನ್ನು ನಂಬಿದವನು ನಾನು.

"ಗೇಟ್ ಕೆಲಸಕ್ಕೆ ಒಂದೇ. ನೀವು ಆಂಪ್ಲಿಫೈಯರ್ ಥರ ಬಳಸ್ತಾ ಇದ್ದೀರಿ."

ಒಂದು ಅಕ್ಷರದ ವ್ಯತ್ಯಾಸ. ಎಚ್‌ಸಿ04ರ ಪ್ರತಿ ಇನ್ವರ್ಟರಿನ ಹೊಟ್ಟೆಯಲ್ಲಿ ಒಂದರ ಹಿಂದೊಂದು ಮೂರು ಮೆಟ್ಟಿಲು. ಯು ಇರುವುದರಲ್ಲಿ ಒಂದೇ ಮೆಟ್ಟಿಲು. ಹೌದು, ಇಲ್ಲ ಎಂದಷ್ಟೇ ಹೇಳಬೇಕಾದಾಗ ಮೂರು ಮೆಟ್ಟಿಲಿನದು ಖಚಿತ. ಆದರೆ ನಾನು ರೆಸಿಸ್ಟರ್ ಕಟ್ಟಿ ಅದನ್ನು ಹೌದು ಮತ್ತು ಇಲ್ಲದ ನಟ್ಟನಡುವೆ ನಿಲ್ಲಿಸಿದ್ದೇನೆ, ಅರ್ಧ ವೋಲ್ಟಿನ ಸಿಗ್ನಲ್ ಎತ್ತಲಿ ಎಂದು. ಅಲ್ಲಿ ನಿಲ್ಲಿಸಿದರೆ ಮೂರು ಮೆಟ್ಟಿಲಿನದು ತನ್ನಷ್ಟಕ್ಕೆ ತಾನೇ ನಡುಗುತ್ತದೆ. ಯಾರೂ ಮಾತಾಡದಿದ್ದಾಗಲೂ ಉತ್ತರ ಕೊಡುತ್ತದೆ.

ಪ್ಲೇಯರ್ ಆಫ್ ಮಾಡಿದಾಗಲೂ ರಿಸೀವರ್ ಏನೋ ಕೇಳಿಸಿಕೊಂಡಂತೆ ಆಡುತ್ತಿದ್ದದ್ದು ಯಾಕೆಂದು ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ರಾಮನಗರ ದಾಟಿತ್ತು.

ಜೂನ್ 24

ಎಚ್‌ಸಿಯು04 ಕೂರಿಸಿದೆ. ಮೂರು ಗಂಟೆ ಕೇಳಿದೆ. ಏನೋ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

"ಕಡಿಮೆ" ಎಂದರೆ ಏನು ಎಂದು ನೋಟ್‌ಬುಕ್ ಕೇಳುತ್ತದೆ. ಹಿಂದಿನ ಸಲ ನಾಲ್ಕು ಗಂಟೆಗೆ 39. ಈ ಸಲ ಮೂರು ಗಂಟೆಗೆ 27. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 10 ಇದ್ದದ್ದು 9 ಆಗಿದೆ, ಅಷ್ಟೆ. ಕಿವಿ ಮಾತ್ರ ಬಹಳ ಹಿತವಾಗಿದೆ ಎನ್ನುತ್ತಿದೆ. ಕಿವಿಗೂ ಅಂಕಿಗೂ ಜಗಳ. ಯಾರ ಪರ ನಿಲ್ಲಲಿ?

ಜೂನ್ 28

ಕಿವಿ, ಕಣ್ಣು ಎರಡನ್ನೂ ಬದಿಗಿಟ್ಟು ದೀಪವನ್ನು ಸಾಕ್ಷಿ ಕರೆದೆ. ರಿಸೀವರಿನ ದೋಷದ ಕಾಲಿಗೆ ಎಲ್‌ಇಡಿ ಕಟ್ಟಿದರೆ ಸಾಲದು. ಅದು ಹತ್ತಿ ಆರುವುದು ಕಣ್ಣಿಗೆ ದಕ್ಕದಷ್ಟು ಬೇಗ ಆಗಬಹುದು. ನಡುವೆ ಒಂದು 555 ಹಾಕಿದೆ. 470 ಕಿಲೋಓಮ್, 1 ಮೈಕ್ರೋಫ್ಯಾರಡ್. ಎಷ್ಟು ಸಣ್ಣ ದೋಷ ಬಂದರೂ ದೀಪ ಅರ್ಧ ಸೆಕೆಂಡ್ ಉರಿಯುತ್ತದೆ.

ದೀಪ ಆರಿಸಿದ ಕೋಣೆಯಲ್ಲಿ ಕೂತೆ. ವೀಣೆ ಕಟ್ ಆಯಿತು. ಎಲ್‌ಇಡಿ ಕಪ್ಪಗೇ ಇತ್ತು.

ಬೆಸುಗೆ ಬಿಟ್ಟಿರಬೇಕು ಎಂದುಕೊಂಡೆ. ಪರೀಕ್ಷೆಗೆ ಕೇಬಲ್ ಕಿತ್ತೆ, ಎಲ್‌ಇಡಿ ಉರಿಯಿತು. ಸಿಕ್ಕಿಸಿದೆ. ಆರು ನಿಮಿಷದ ಮೇಲೆ ಮತ್ತೆ ಕಟ್. ಮತ್ತೆ ಕಪ್ಪು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಹೊರಟಿತು. ಹಾಡು ನುಂಗಿದಂತೆ ನಿಂತಿತು, ಎಲ್‌ಇಡಿ ಕೆಂಪಗೆ ಹೊತ್ತಿತು!

ಹಾಗಾದರೆ ಇವು ಎರಡು. ಒಂದು, ರೆಪ್ಪೆ ಬಡಿದಂತೆ ಬಂದು ಹೋಗುವುದು. ರಿಸೀವರಿಗೆ ಅದರ ಸುಳಿವೇ ಇಲ್ಲ. ಇನ್ನೊಂದು, ಗಂಟಲಲ್ಲಿ ಸಿಕ್ಕಿ ಇಳಿದಂತೆ ತುಸು ಹೆಚ್ಚು ಹೊತ್ತಿನದು. ಅದಕ್ಕೆ ದೀಪ ಹತ್ತುತ್ತದೆ. ಇಪ್ಪತ್ತು ದಿನ ಎರಡನ್ನೂ "ಕಟ್" ಎಂದೇ ಬರೆದಿದ್ದೇನೆ. ಹೊಸ ಹೆಸರಿಟ್ಟೆ: ಮಿಟುಕು, ಗುಟುಕು.

198ಕ್ಕೆ ಫೋನ್ ಮಾಡುತ್ತಿದ್ದ ಜನರ ನೆನಪಾಯಿತು. ಕಂಬದ ಮೇಲೆ ತಂತಿ ಹರಿದಿರಲಿ, ಕೇಬಲ್ ಪಿಟ್ಟಿಗೆ ನೀರು ನುಗ್ಗಿರಲಿ, ರಿಸೀವರ್ ಸರಿಯಾಗಿ ಇಟ್ಟಿಲ್ಲದೆ ಇರಲಿ, ದೂರು ಒಂದೇ: "ಫೋನ್ ಡೆಡ್ ಆಗಿದೆ." ನಾವು ಟೆಸ್ಟ್ ಡೆಸ್ಕಿನಲ್ಲಿ ಕೂತು ಗೊಣಗುತ್ತಿದ್ದೆವು, ಡೆಡ್ ಅಂದ್ರೆ ಏನು ಸ್ವಾಮಿ, ಸರಿಯಾಗಿ ಹೇಳಿ ಎಂದು. ಈಗ ದೂರು ಕೊಟ್ಟವನೂ ನಾನೇ, ಗೊಣಗುವವನೂ ನಾನೇ.

ಜೂನ್ 29. ಭಾನುವಾರ

ಹಳೆಯ ಪುಟ ತೆಗೆದು 15ನೇ ತಾರೀಖಿನ 39 ನಮೂದುಗಳನ್ನು ಮತ್ತೆ ಓದಿದೆ. ಅವತ್ತು ಹೊತ್ತು ಬರೆದದ್ದೇ ಪುಣ್ಯ. ಐದರ ಪಕ್ಕ "ಸ್ವಲ್ಪ ಜಾಸ್ತಿ ಹೊತ್ತು" ಎಂದು ಗೀಚಿದ್ದೆ. ಆ ಐದನ್ನು ಹೊಡೆದುಹಾಕಿ ಉಳಿದ 34ರ ನಡುವಿನ ಅಂತರ ಕಳೆಯುತ್ತ ಹೋದೆ.

6 ನಿಮಿಷ 27 ಸೆಕೆಂಡ್. 6.26. 6.27. 6.28. 12.54. 6.27.

ಮೈ ಜುಂ ಎಂದಿತು. ನಡುವೆ ಮೂರು ಕಡೆ 12.54, ಅಂದರೆ ಸರಿಯಾಗಿ ಎರಡರಷ್ಟು. ಅಲ್ಲಿಯೂ ಒಂದು ಮಿಟುಕು ಇತ್ತು, ಮುಂದಿನ ಮೀಟಿಗೆ ಮುನ್ನ ನಾದ ಕರಗುವ ಜಾಗದಲ್ಲಿ ಅಡಗಿತ್ತೋ, ನಾನು ತೂಕಡಿಸಿದ್ದೆನೋ. ಮೂರನ್ನು ಸೇರಿಸಿದರೆ 37. ನಾಲ್ಕು ಗಂಟೆಯನ್ನು 6.27ರಿಂದ ಭಾಗಿಸಿದರೂ 37.

ಇಷ್ಟು ಕರಾರುವಾಕ್ಕಾದ ಲಯ ಎರಡು ವಾರದಿಂದ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಐದು ಗುಟುಕು ನಡುವೆ ನುಗ್ಗಿ ಅದನ್ನು ಕಲಸಿಬಿಟ್ಟಿದ್ದವು. ಎಚ್‌ಸಿಯು04 ಹಾಕಿದ ದಿನ ಅಂಕಿ ಅಷ್ಟಾಗಿ ಇಳಿಯಲಿಲ್ಲ ಯಾಕೆಂದರೆ ಆ ಐಸಿ ತಗ್ಗಿಸಿದ್ದು ಗುಟುಕನ್ನು ಮಾತ್ರ. ಕಿವಿ ಸುಳ್ಳು ಹೇಳಿರಲಿಲ್ಲ, ಅಂಕಿಯೂ ಹೇಳಿರಲಿಲ್ಲ.

ಆದರೆ 6.27ಕ್ಕೊಮ್ಮೆ ನಡೆಯುವುದು ಈ ಮನೆಯಲ್ಲಿ ಏನಿದೆ? ಫ್ಯಾನಿಲ್ಲ, ಪಂಪಿಲ್ಲ, ಗೀಸರಿಲ್ಲ. ಪಕ್ಕದ ಮನೆಯ ರಾಯರನ್ನೂ ವಿಚಾರಿಸಿದೆ. "ನನಗೆ ಯಾವುದೂ ಅಷ್ಟು ಸರಿಯಾಗಿ ಆಗಲ್ಲಪ್ಪ," ಎಂದರು.

ಜುಲೈ 1

ಪ್ಲೇಯರಿನ ಬೆನ್ನಿನಲ್ಲಿ ಬೆಳಕಿನ ಸಾಕೆಟ್ಟೂ ಇದೆ, ತೋಷಿಬಾ ಕಂಪನಿ 1983ರಲ್ಲಿ ತಂದ ಟಾಸ್‌ಲಿಂಕ್. ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕು ಹೋಗುತ್ತದೆ, ತಾಮ್ರದ ನಂಟೇ ಇಲ್ಲ. ಕೇಬಲ್ ಬದಲಿಸಿದೆ.

ಮಿಕ್ಸಿ ಹಾಕಿಸಿದೆ: ಗುಟುಕಿಲ್ಲ. ಕಾದು ಕೂತೆ: 6.27ಕ್ಕೆ ಮಿಟುಕು.

ಟಿವಿಯಿಂದ ಬೆಳಕಿನ ಕೇಬಲ್ ಎಳೆದು ಸಿಕ್ಕಿಸಿದೆ. ಮಿಟುಕು ಇದೆ, ಆದರೆ 17 ನಿಮಿಷ 47 ಸೆಕೆಂಡಿಗೆ ಒಂದು. ಪ್ಲೇಯರಿನದು ಒಂದು ಲಯ, ಟಿವಿಯದು ಇನ್ನೊಂದು. ತಂತಿಯಾದರೂ ಬೆಳಕಾದರೂ ಪ್ಲೇಯರಿನ ಲಯ ಬದಲಾಗುವುದಿಲ್ಲ. ಎಂದರೆ ದಾರಿಯ ದೋಷವಲ್ಲ. ಯಾರು ಕಳಿಸುತ್ತಾರೆ ಎಂಬುದರ ಮೇಲೆ ನಿಂತಿದೆ.

ಇಷ್ಟು ಬರೆದು ಮಲಗುತ್ತೇನೆ. ನಾಲಿಗೆಯ ತುದಿಯಲ್ಲಿ ಏನೋ ಇದೆ.

ಜುಲೈ 2. ಬೆಳಗಿನ ಜಾವ 3.20

ಸ್ಲಿಪ್!

ಎದ್ದು ಕೂತು ಬರೆಯುತ್ತಿದ್ದೇನೆ. ಜೀವಮಾನವಿಡೀ ಬಾಯಲ್ಲಿದ್ದ ಪದ. ಎರಡು ಎಕ್ಸ್‌ಚೇಂಜುಗಳು ತಮ್ಮ ತಮ್ಮ ಗಡಿಯಾರದ ಪ್ರಕಾರ ನಡೆದರೆ, ಒಂದು ಕಳಿಸುವುದಕ್ಕೂ ಇನ್ನೊಂದು ಓದುವುದಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಅದು ನಡುವಿನ ಬಫರಿನಲ್ಲಿ ಕೂಡುತ್ತ ಹೋಗಿ, ಒಂದು ದಿನ 125 ಮೈಕ್ರೋಸೆಕೆಂಡಿನ ಒಂದು ಫ್ರೇಮ್ ಬಿದ್ದುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಅದಕ್ಕೇ ಕೆಳಗಿನ ಎಕ್ಸ್‌ಚೇಂಜು ಮೇಲಿನದರ ಗಡಿಯಾರವನ್ನು ಅನುಸರಿಸಬೇಕು. ಮಾತಾಡುವವರಿಗೆ ಸ್ಲಿಪ್ ಗೊತ್ತಾಗುತ್ತಿರಲಿಲ್ಲ. ಫ್ಯಾಕ್ಸ್ ಕಳಿಸುವವರು ಬೈಯುತ್ತಿದ್ದರು.

ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜು ಶುರುವಾಯಿತು. ಆಮೇಲೆ ಕೆಲಸಕ್ಕೆ ಸೇರಿದ ನಮ್ಮ ಪೀಳಿಗೆಯವರಿಗೆ ಡಿಜಿಟಲ್ ಎಂದರೆ ಮೊದಲ ಪಾಠವೇ ಗಡಿಯಾರ. ಮನೆಯ ಡಬ್ಬಿಯ ಮುಂದೆ ಕೂತಾಗ ನಾನು ಆ ಪಾಠವನ್ನು ಚಪ್ಪಲಿಯ ಜತೆ ಹೊರಗೆ ಬಿಟ್ಟು ಬಂದಿದ್ದೆ. ಸಂಗೀತಕ್ಕೂ ಟ್ರಂಕ್ ಲೈನಿಗೂ ಏನು ಸಂಬಂಧ ಎಂದು. ಸಂಬಂಧ ಇದೆ. 2 ಎಂಬಿ ಲಿಂಕಿನಲ್ಲಿ 30 ಜನರ ಮಾತು ಹೋಗುತ್ತಿತ್ತು, ಸೆಕೆಂಡಿಗೆ 20,48,000 ಬಿಟ್. ಈಗ ಟಿವಿ ಸ್ಟ್ಯಾಂಡಿನ ಹಿಂದೆ ಒಂದು ವೀಣೆಗೆ ಓಡುತ್ತಿರುವುದು 28,22,400.

ಜುಲೈ 2. ಹಗಲು

ಲೆಕ್ಕ. ರೀಕ್ಲಾಕರ್ ಬೋರ್ಡಿನ ಚೀಟಿಯಲ್ಲಿ ಬಫರ್ 2048 ಸ್ಯಾಂಪಲ್ ಎಂದಿದೆ. ಅರ್ಧ ತುಂಬಿದ ಮೇಲೆ ನುಡಿಸಲು ಶುರು. ಅದರ ಮೇಲೆ ಅದರದೇ ಕ್ರಿಸ್ಟಲ್. ಪ್ಲೇಯರಿನೊಳಗೆ ಪ್ಲೇಯರಿನ ಕ್ರಿಸ್ಟಲ್. ನನ್ನ ಬೋರ್ಡಿನದು ತುಸು ಚುರುಕು. ಅದು ಬಳಸುವಷ್ಟು ವೇಗದಲ್ಲಿ ಅಂಕಿ ಬರುವುದಿಲ್ಲ. 1024 ಸ್ಯಾಂಪಲ್ಲಿನ ಗಂಟು ಖಾಲಿಯಾಗಲು 387 ಸೆಕೆಂಡ್ ಬೇಕಾದರೆ, ಸೆಕೆಂಡಿಗೆ 2.65 ಸ್ಯಾಂಪಲ್ ಸೋರಿದಂತಾಯಿತು. 44,100ಕ್ಕೆ 2.65 ಎಂದರೆ ಹತ್ತು ಲಕ್ಷಕ್ಕೆ 60. ದಿನಕ್ಕೆ ಐದು ಸೆಕೆಂಡ್ ಮುಂದೆ ಓಡುವ ಕೈಗಡಿಯಾರ. ಅಂಥ ಗಡಿಯಾರವನ್ನು ಯಾರೂ ರಿಪೇರಿಗೆ ಕೊಡುವುದಿಲ್ಲ.

ಖಾಲಿಯಾದಾಗ ಬೋರ್ಡು ಬಾಯಿ ಮುಚ್ಚಿಕೊಂಡು ಮತ್ತೆ 1024 ತುಂಬುವವರೆಗೆ ಕಾಯುತ್ತದೆ. 23 ಮಿಲಿಸೆಕೆಂಡ್. ಅದೇ ಮಿಟುಕು. ಟಿವಿಯ ಕ್ರಿಸ್ಟಲ್ ಮತ್ತು ನನ್ನದರ ನಡುವೆ ವ್ಯತ್ಯಾಸ ಹತ್ತು ಲಕ್ಷಕ್ಕೆ 20 ಮಾತ್ರ, ಅದಕ್ಕೇ ಅದರ ಬಿಡುವು ದೊಡ್ಡದು.

ಯಾವ ಕ್ರಿಸ್ಟಲ್ಲೂ ಕೆಟ್ಟಿಲ್ಲ. ಯಾವ ಬೆಸುಗೆಯೂ ಬಿಟ್ಟಿಲ್ಲ. ಎಲ್ಲರೂ ಸರಿಯಾಗೇ ಇದ್ದಾರೆ, ಒಬ್ಬರ ಮಾತು ಒಬ್ಬರು ಕೇಳುತ್ತಿಲ್ಲ ಅಷ್ಟೆ.

ಜುಲೈ 4

ರೀಕ್ಲಾಕರ್ ಬೋರ್ಡು ಕಿತ್ತೆ. ನಾಲ್ಕು ಜನರ ಸರಪಳಿ ಮೂರಾಯಿತು. ರಿಸೀವರ್ ಈಗ ನೇರ ಪಿಸಿಎಂ5102ಎ ಕೈಗೆ ಕೊಡುತ್ತದೆ.

ರಿಸೀವರಿಗೆ ಸ್ವಂತ ಗಡಿಯಾರದ ಹಟವಿಲ್ಲ. ಬರುವ ಸಿಗ್ನಲ್ಲಿನೊಳಗೇ ತಾಳ ಅಡಗಿರುತ್ತದೆ. ಪ್ರತಿ ಬಿಟ್ಟಿನ ಮೊದಲಿಗೆ ಸಿಗ್ನಲ್ ಮಗ್ಗುಲು ಬದಲಿಸಲೇಬೇಕು. ಬಿಟ್ 1 ಆದರೆ ನಡುವೆ ಇನ್ನೊಂದು ಸಲ. ಸಿಡಿಯ ವೇಗದಲ್ಲಿ ಅತಿ ಚಿಕ್ಕ ಮಗ್ಗುಲು 177 ನ್ಯಾನೋಸೆಕೆಂಡ್. ರಿಸೀವರ್ ಈ ಮಗ್ಗುಲುಗಳ ಹಿಂದೆ ಹೆಜ್ಜೆ ಹಾಕುತ್ತ ಕಳಿಸುವವನ ತಾಳವನ್ನೇ ತನ್ನದು ಮಾಡಿಕೊಳ್ಳುತ್ತದೆ. ಮೃದಂಗದವರು ಗಾಯಕರ ಮುಖ ನೋಡಿ ನುಡಿಸಿದಂತೆ. ನಾನು ನಡುವೆ ತಂದು ಕೂರಿಸಿದ್ದ ಬೋರ್ಡು ಗೋಡೆ ಗಡಿಯಾರ ನೋಡಿ ನುಡಿಸುವ ವಿದ್ವಾಂಸ.

ಅದನ್ನು ಕೊಂಡದ್ದೇಕೆ? ತಾಳದ ನಡುಕ, ಅಂದರೆ ಜಿಟರ್, ಹೋಗಿ ಸದ್ದು ಶುದ್ಧವಾಗುತ್ತದೆ ಎಂಬ ಆಸೆಗೆ. ಇಡೀ ಡಬ್ಬಿಯಲ್ಲಿ ಇಲ್ಲದಿದ್ದರೂ ನಡೆಯುತ್ತಿದ್ದ ವಸ್ತು ಅದೊಂದೇ. ಕಿತ್ತ ಮೇಲೆ ಸದ್ದಿನಲ್ಲಿ ನನಗೆ ವ್ಯತ್ಯಾಸ ಕೇಳಿಸುತ್ತಿಲ್ಲ. ಮಿಟುಕಂತೂ ಇಲ್ಲ.

ಜುಲೈ 8

ಉಳಿದದ್ದು ಕೋಆಕ್ಸಿನ ಗುಟುಕು. ಬೆಳಕಿನ ಕೇಬಲ್ಲೇ ಇಟ್ಟುಕೊಳ್ಳಬಹುದಿತ್ತು, ಆದರೆ ಅದನ್ನು ಟಿವಿಗೆ ಬಿಟ್ಟುಕೊಡುವುದೆಂದು ಒಪ್ಪಂದವಾಗಿದೆ. ಒಪ್ಪಂದ ಮಾಡಿದವಳು ಧಾರಾವಾಹಿ ನೋಡುವವಳು.

ಮಿಕ್ಸಿಯ ಮೋಟರಿನೊಳಗೆ ಬ್ರಷ್ ಕಿಡಿ ಹಾರಿಸುತ್ತದೆ. ಆ ಗಲಾಟೆ ಮನೆಯ ವೈರಿಂಗಿನಲ್ಲಿ ಓಡಿ, ಆಂಪ್ಲಿಫೈಯರಿನ ಮೂರು ಪಿನ್ನಿಂದ ಹೊಕ್ಕು, ನನ್ನ ಕೇಬಲ್ಲಿನ ಹೊರಕವಚದ ಮೂಲಕ ಪ್ಲೇಯರಿಗೆ ದಾಟುತ್ತದೆ. ಕವಚ ಸಿಗ್ನಲ್ಲಿಗೂ ನೆಲ. ಅರ್ಧ ವೋಲ್ಟಿನ ಮಾತಾಡುವವನ ಕಾಲಡಿಯ ನೆಲವೇ ನಡುಗಿದರೆ ಮಾತು ತಪ್ಪುತ್ತದೆ.

ಅಟ್ಟದ ಮೇಲಿನ ಸತ್ತ ಕಂಪ್ಯೂಟರಿನಿಂದ ಲ್ಯಾನ್ ಕಾರ್ಡ್ ಕಿತ್ತೆ. ಅದರ ಸಾಕೆಟ್ಟಿನ ಹಿಂದೆ ಕಪ್ಪು ಇಟ್ಟಿಗೆಯಂಥ ತುಂಡಿನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಒಂದನ್ನು ಸಾಕೆಟ್ಟಿಗೂ ಎಚ್‌ಸಿಯು04ಕ್ಕೂ ನಡುವೆ ಕೂರಿಸಿದೆ. ಎಸ್/ಪಿಡಿಐಎಫ್ ಸಿಗ್ನಲ್ ಸದಾ ಮಗ್ಗುಲು ಬದಲಿಸುತ್ತಲೇ ಇರುವುದರಿಂದ ಟ್ರಾನ್ಸ್‌ಫಾರ್ಮರಿನಲ್ಲಿ ದಾಟುತ್ತದೆ, ತಲೆಕೆಳಗಾದರೂ ಅರ್ಥ ಕೆಡುವುದಿಲ್ಲ. ಕವಚ ಮಾತ್ರ ಈಚೆಗೆ ಬರುವುದಿಲ್ಲ.

"ಸ್ವಲ್ಪ ಮಿಕ್ಸಿ ಹಾಕು," ಎಂದೆ.

"ಖಾಲಿ ಜಾರ್ ತಿರುಗಿಸಬೇಕಾ? ಏನಾದ್ರೂ ಹಾಕೋದಾದ್ರೆ ಹಾಕ್ತೀನಿ."

ಹುರಿಗಡಲೆ ಚಟ್ನಿಪುಡಿ ಮೂರು ಕಂತಿನಲ್ಲಿ ಆಯಿತು. ಎಲ್‌ಇಡಿ ಹತ್ತಲಿಲ್ಲ. ಕೊನೆಯ ಕಂತು ಅಗತ್ಯವಿರಲಿಲ್ಲ ಎಂದು ಅವಳ ಅಭಿಪ್ರಾಯ.

ಜುಲೈ 14

ದಿನವಿಡೀ ಎಲ್‌ಇಡಿ ನೋಡುತ್ತ ಕೂರಲಾಗದು. ಹಳೆಯ ಚಾಲಾಕಿಯೊಂದಿದೆ: ಕ್ಯಾಲ್ಕುಲೇಟರಿನಲ್ಲಿ 1 + 1 ಒತ್ತಿ, ಆಮೇಲೆ ಸಮ ಚಿಹ್ನೆ ಒತ್ತಿದಾಗಲೆಲ್ಲ ಒಂದೊಂದು ಕೂಡುತ್ತದೆ. ಆ ಗುಂಡಿಯ ಎರಡು ತುದಿಗೆ ಆಪ್ಟೋಕಪ್ಲರ್ ಬೆಸೆದು 555ಕ್ಕೆ ಕಟ್ಟಿದೆ. ಒಂದು ಗುಟುಕಿಗೆ ಒಂದು ಅಂಕಿ.

ಬೆಳಿಗ್ಗೆ ನೋಡಿದರೆ ಪರದೆ ಖಾಲಿ. ಸೊನ್ನೆಯೂ ಇಲ್ಲ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಆಫ್ ಆಗುವ ಜಾತಿಯದಂತೆ. ದೋಷ ಬಂದಿಲ್ಲವೋ, ಎಣಿಸುವವನು ಮಲಗಿದ್ದನೋ, ಹೇಳುವವರಿಲ್ಲ. ಇದಕ್ಕೂ ಮೌನಕ್ಕೆ ಒಂದೇ ಬಗೆ. ಮಗಳು ಹೈಸ್ಕೂಲಿನಲ್ಲಿ ಬಳಸಿದ ಸ್ವಿಚ್ಚಿನ ಕ್ಯಾಲ್ಕುಲೇಟರ್ ಹುಡುಕಿ ಕಟ್ಟಿದೆ. ಅದು ನಿದ್ದೆ ಮಾಡುವುದಿಲ್ಲ.

ಜುಲೈ 21. ಸೋಮವಾರ

ಒಂದು ವಾರ, ಹಗಲು ರಾತ್ರಿ ಪ್ಲೇಯರ್ ರಿಪೀಟಿನಲ್ಲಿ, ಸ್ಪೀಕರ್ ಆಫ್. ಕ್ಯಾಲ್ಕುಲೇಟರಿನಲ್ಲಿ ಶನಿವಾರದವರೆಗೆ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಒಂದು ಏರಿತ್ತು.

ರಾತ್ರಿ ಕರೆಂಟ್ ಹೋಗಿತ್ತೇ? ಮನೆಯ ಇನ್ವರ್ಟರ್ ಟಕ್ ಎಂದಿತೇ? ನಾನು ಮಲಗಿದ್ದೆ. ಹೆಂಡತಿಯೂ ಕೇಳಿಸಿಕೊಂಡಿಲ್ಲ. ದೂರು: ಗುಟುಕು, ಒಂದು. ಕಾರಣ: ಖಾಲಿ.

ಕೈ ಮತ್ತೆ ಸೋಲ್ಡರಿಂಗ್ ಐರನ್ನಿನ ಕಡೆ ಹೋಯಿತು. ತಡೆದೆ. ಬೇರೆ ಬೇರೆ ದೇಶಗಳ ಎಕ್ಸ್‌ಚೇಂಜುಗಳು ಪರಸ್ಪರ ಮಾತಾಡುವ ಲಿಂಕಿಗೆ ನಮಗೆ ಒಂದು ಅಳತೆ ಕಲಿಸಿದ್ದರು. ಎರಡೂ ಕಡೆ ಸೀಸಿಯಂ ಗಡಿಯಾರ, ತಪ್ಪು ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗ ಮೀರಕೂಡದು. ಹಾಗಿದ್ದೂ ಇಬ್ಬರೂ ವಿರುದ್ಧ ದಿಕ್ಕಿಗೆ ಅಷ್ಟಷ್ಟು ತಪ್ಪಿದರೆ 72 ದಿನಕ್ಕೊಂದು ಸ್ಲಿಪ್ ಬೀಳುತ್ತದೆ. ಅದನ್ನು ದೋಷ ಎಂದು ಬರೆಯುವಂತಿಲ್ಲ, ಅದು ಲೆಕ್ಕದಲ್ಲೇ ಸೇರಿದ್ದು. ನನ್ನ ಗುಟುಕು ಸ್ಲಿಪ್ ಅಲ್ಲ ಎಂಬುದು ಗೊತ್ತು. ಆದರೂ ಅಷ್ಟು ದೊಡ್ಡವರಿಗೆ ಕೊಟ್ಟ ರಿಯಾಯಿತಿಯನ್ನು ಹುರಿಗಡಲೆ ಮನೆಯ ಡಬ್ಬಿಗೂ ಕೊಡಬಹುದು.

ಕ್ಯಾಲ್ಕುಲೇಟರಿನಲ್ಲಿ ಮತ್ತೆ ಮೊದಲಿಂದ ಶುರುಮಾಡಿದೆ. ಡಬ್ಬಿಗೆ ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ತಿರುಗಿಸಿದೆ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಇವತ್ತಿನಿಂದ 72 ಎಣಿಸಿ ಒಂದು ಸುತ್ತು ಹಾಕಿದೆ. ಅಕ್ಟೋಬರ್ 1.

ಸಂಜೆ ಅವಳ ಕಣ್ಣಿಗೆ ಬಿತ್ತು. "ಅವತ್ತು ಆಯುಧಪೂಜೆ ಕಣ್ರೀ, ಸುತ್ತು ಹಾಕಬೇಕಾ? ನಿಮ್ಮ ಡಬ್ಬೀಗೂ ಕುಂಕುಮ ಇಡೋಣ ಬಿಡಿ."

"ಇಡೋಣ. ಅವತ್ತಿನೊಳಗೆ ಅದು ಒಂದು ಸಲ ತಪ್ಪಬಹುದು."

"ಒಂದೇ ಸಲವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಿಕ್ಸಿ ಹಾಕಿದಳು.